ವಿಪತ್ತು ರಕ್ಷಣಾ ಸಿಬ್ಬಂದಿಯ ತೀವ್ರ ಒತ್ತಡ ಪ್ರತಿಕ್ರಿಯೆ ಮತ್ತು ಸಂಖ್ಯಾಶಾಸ್ತ್ರದ ಮಾದರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಗ್ನಿಶಾಮಕ ಸಿಬ್ಬಂದಿ, ಗೃಹರಕ್ಷಕರು, ಅವರ ಮನೆಯವರು, ಮನಃಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇನೆ. ಮೊದಲ ಭಾಗಕ್ಕೆ ಗಣಿತದ ಹಿನ್ನೆಲೆ ಬೇಕಿಲ್ಲ. ಮುಂದಿನ ಭಾಗಗಳು ಹಿಂಚಲನೆ ವಿಶ್ಲೇಷಣೆಯ (ರಿಗ್ರೆಷನ್, ಅಂದರೆ ಒಂದು ಅಂಶ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂದಾಜಿಸುವ ವಿಧಾನ) ಅಲ್ಪ ಪರಿಚಯವಿದ್ದವರಿಗೆ ಹೆಚ್ಚು ಉಪಯೋಗವಾಗುತ್ತವೆ.

## ಮೊದಲ ಪ್ರಶ್ನೆಗಳು

ಕುಸಿದ ಕಟ್ಟಡದಿಂದ ಹೆಣ ತೆಗೆದು ಬಂದ ಮೇಲೆ ಮೂರು ರಾತ್ರಿ ನಿದ್ದೆ ಹತ್ತಲಿಲ್ಲ. ನನಗೆ ಕಾಯಿಲೆ ಬಂದಿದೆಯೇ?

ಬಹುಮಟ್ಟಿಗೆ ಇಲ್ಲ. ಕಂಡ ದೃಶ್ಯ ಕಣ್ಣ ಮುಂದೆ ಬಂದು ನಿಲ್ಲುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಊಟ ಸೇರದಿರುವುದು, ನಡೆದದ್ದು ನಿಜವೋ ಕನಸೋ ಎಂಬಂತಾಗುವುದು, ಇವೆಲ್ಲ ಅಸಾಮಾನ್ಯ ಸನ್ನಿವೇಶಕ್ಕೆ ದೇಹ ಮತ್ತು ಮನಸ್ಸು ಕೊಡುವ ಸಹಜ ಉತ್ತರಗಳು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಿತು. ಅದು ‘ತೀವ್ರ ಒತ್ತಡ ಪ್ರತಿಕ್ರಿಯೆ’ ಎಂದು ಕರೆಯುವ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದಲೇ ಹೊರಗಿಟ್ಟಿದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ 2013ರ ಆವೃತ್ತಿ ಮಾತ್ರ ‘ತೀವ್ರ ಒತ್ತಡದ ಕಾಯಿಲೆ’ ಎಂಬ ಹೆಸರನ್ನು ಉಳಿಸಿಕೊಂಡಿದ್ದು, ಅದಕ್ಕೆ 14 ಲಕ್ಷಣಗಳಲ್ಲಿ ಕನಿಷ್ಠ 9 ಇರಬೇಕು, ಅವು 3 ದಿನಗಳಿಂದ ಒಂದು ತಿಂಗಳೊಳಗಿನ ಅವಧಿಯಲ್ಲಿ ಇರಬೇಕು ಮತ್ತು ದಿನದ ಬದುಕಿಗೆ ಅಡ್ಡಿಯಾಗಬೇಕು ಎಂಬ ಷರತ್ತುಗಳನ್ನು ಹಾಕಿದೆ. ತಿಂಗಳು ಕಳೆದ ಮೇಲೂ ಉಳಿದರೆ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಎಂಬ ದೃಷ್ಟಿಯಿಂದ ಪರೀಕ್ಷಿಸುತ್ತಾರೆ. ಇಲ್ಲಿ ‘ತೀವ್ರ’ ಎಂಬ ಮಾತಿಗೆ ‘ಬಹಳ ಜೋರಾದ’ ಎಂಬ ಅರ್ಥವಿಲ್ಲ. ಹಠಾತ್ತನೆ ಹುಟ್ಟಿ ಸ್ವಲ್ಪ ಕಾಲದಲ್ಲಿ ಇಳಿಯುವಂಥದ್ದು ಎಂದಷ್ಟೇ ಅರ್ಥ.

ಆದರೂ ನಿದ್ದೆಗಾಗಿ ಕುಡಿತಕ್ಕೆ ಮೊರೆಹೋಗುವಂತಾದರೆ, ಕೆಲಸಕ್ಕೆ ಹೋಗಲು ಕಾಲೇ ಏಳದಂತಾದರೆ, ಬದುಕುವುದೇ ಬೇಡ ಎನಿಸಿದರೆ ತಿಂಗಳು ತುಂಬುವವರೆಗೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ತೆರೆದಿರುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ನಮಗೆ ಇದು ದಿನದ ಕೆಲಸ. ದಿನಾ ನೋಡುವವರಿಗೂ ತಟ್ಟುತ್ತದೆಯೇ?

ತಟ್ಟುತ್ತದೆ. ಹಲವು ದೇಶಗಳ 28 ಅಧ್ಯಯನಗಳನ್ನು, ಅಂದರೆ 20,424 ರಕ್ಷಣಾ ಸಿಬ್ಬಂದಿಯ ಮಾಹಿತಿಯನ್ನು, ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯು ಅವರಲ್ಲಿ ಪಿಟಿಎಸ್‌ಡಿ ಪ್ರಮಾಣ ಸುಮಾರು ಶೇ 10 ಎಂದು ಅಂದಾಜಿಸಿತು. ಆಂಬುಲೆನ್ಸ್ ಸಿಬ್ಬಂದಿಯಲ್ಲಿ ಅದು ಪೊಲೀಸರು ಮತ್ತು ಅಗ್ನಿಶಾಮಕರಿಗಿಂತ ಹೆಚ್ಚಾಗಿತ್ತು.

ಅನುಭವ ಮತ್ತು ತರಬೇತಿಗೆ ಬೆಲೆಯಿದೆ ಎಂಬುದಕ್ಕೂ ಸಾಕ್ಷ್ಯವಿದೆ. ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಮೇಲೆ 2001ರಲ್ಲಿ ನಡೆದ ದಾಳಿಯ ನಂತರ ಅಲ್ಲಿ ದುಡಿದ 28,962 ಮಂದಿಯನ್ನು ಎರಡು ಮೂರು ವರ್ಷಗಳ ಬಳಿಕ ವಿಚಾರಿಸಿದಾಗ ಒಟ್ಟು ಶೇ 12.4 ಮಂದಿಯಲ್ಲಿ ಪಿಟಿಎಸ್‌ಡಿ ಲಕ್ಷಣಗಳು ಕಂಡವು. ಪೊಲೀಸರಲ್ಲಿ ಇದು ಶೇ 6.2 ಇದ್ದರೆ, ಯಾವ ಸಂಸ್ಥೆಗೂ ಸೇರದೆ ತಾವಾಗಿ ನೆರವಿಗೆ ಬಂದ ಸ್ವಯಂಸೇವಕರಲ್ಲಿ ಶೇ 21.2. ನಮ್ಮ ನಾಡಿನ ಮಟ್ಟಿಗೆ ಈ ಕೊನೆಯ ಅಂಕಿಯೇ ನನ್ನನ್ನು ಹೆಚ್ಚು ಕಾಡುತ್ತದೆ. ಗುಡ್ಡ ಕುಸಿದಾಗ, ಪ್ರವಾಹ ಬಂದಾಗ ಸಮವಸ್ತ್ರದವರು ತಲುಪುವ ಮೊದಲೇ ಮಣ್ಣಿಗೆ ಕೈ ಹಾಕುವವರು ಅಕ್ಕಪಕ್ಕದ ಊರಿನವರು. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಆದ್ದರಿಂದ ಯಾವ ಸಮೀಕ್ಷೆಯೂ ಅವರನ್ನು ಹುಡುಕಿಕೊಂಡು ಹೋಗುವುದಿಲ್ಲ.

ಶೇಕಡಾ ಇಷ್ಟು ಮಂದಿಗೆ ತೊಂದರೆ ಎಂದು ಹೇಳಿದರೆ ಸಾಲದೇ? ಮಾದರಿ ಎಂಬ ದೊಡ್ಡ ಮಾತೇಕೆ?

ಶೇಕಡಾವಾರು ಎಷ್ಟು ಮಂದಿ ಎಂದು ಹೇಳುತ್ತದೆ. ಯಾವ ಸ್ಥಿತಿಯಲ್ಲಿ ಎಷ್ಟು ಬದಲಾಗುತ್ತದೆ ಎಂದು ಹೇಳುವುದಿಲ್ಲ. ಪಾಳಿಯ ಉದ್ದ, ಮೃತದೇಹಗಳ ನಿರ್ವಹಣೆ, ಸತ್ತವರು ಪರಿಚಿತರೇ ಎಂಬುದು, ಹಿಂದಿನ ಅನುಭವ, ನಿದ್ದೆ, ಮೇಲಧಿಕಾರಿಯ ಬೆಂಬಲ, ಇವೆಲ್ಲ ಒಂದರೊಡನೆ ಒಂದು ಹೆಣೆದುಕೊಂಡಿರುತ್ತವೆ. ಒಂದೊಂದರ ಪಾಲನ್ನು ಬಿಡಿಸಿ, ಆ ಅಂದಾಜಿನಲ್ಲಿ ಎಷ್ಟು ಅನಿಶ್ಚಿತತೆ ಉಳಿದಿದೆ ಎಂಬುದನ್ನೂ ತೋರಿಸುವ ಗಣಿತದ ವಿವರಣೆಗೆ ಮಾದರಿ ಎನ್ನುತ್ತೇವೆ. ಇವುಗಳಲ್ಲಿ ಪಾಳಿಯನ್ನು, ವಿಶ್ರಾಂತಿಯನ್ನು, ಮೊದಲ ಬಾರಿ ಬಂದವರಿಗೆ ಕೊಡುವ ಕೆಲಸವನ್ನು ನಾವು ಬದಲಿಸಬಲ್ಲೆವು. ಬದಲಿಸಬಲ್ಲದ್ದನ್ನು ಗುರುತಿಸುವುದಕ್ಕಾಗಿಯೇ ಈ ಶ್ರಮವೆಲ್ಲ. ‘ದುರ್ಬಲ ಮನಸ್ಸಿನವರನ್ನು’ ಹೆಕ್ಕಿ ತೆಗೆಯುವುದಕ್ಕೆ ಇದನ್ನು ಬಳಸಲು ಹೊರಟವರಿಗೆ ನಾನು ನೆರವಾಗಲಾರೆ.

## ಅಳತೆಯ ಪ್ರಶ್ನೆಗಳು

ಮನಸ್ಸಿನ ಭಾರವನ್ನು ಅಂಕಿಯಲ್ಲಿ ಅಳೆಯುವುದು ಹೇಗೆ?

ಸಾಮಾನ್ಯವಾಗಿ ಪ್ರಶ್ನಾವಳಿಯ ಮೂಲಕ. ಹೆಚ್ಚು ಬಳಕೆಯಲ್ಲಿರುವುದು ‘ಇಂಪ್ಯಾಕ್ಟ್ ಆಫ್ ಇವೆಂಟ್ ಸ್ಕೇಲ್’. 1979ರಲ್ಲಿ 15 ಪ್ರಶ್ನೆಗಳೊಡನೆ ಬಂದ ಇದು 1997ರ ಪರಿಷ್ಕರಣೆಯಲ್ಲಿ 22 ಪ್ರಶ್ನೆಗಳಾಯಿತು. ಕಳೆದ ಏಳು ದಿನಗಳಲ್ಲಿ ಒಂದೊಂದು ಲಕ್ಷಣ ಎಷ್ಟು ಬಾಧಿಸಿತು ಎಂಬುದಕ್ಕೆ 0ಯಿಂದ 4ರವರೆಗೆ ಅಂಕ ಕೊಡಬೇಕು. ಒಟ್ಟು ಅಂಕ 0ಯಿಂದ 88. ಮೊದಲ ತಿಂಗಳಿಗೆಂದೇ ರೂಪಿಸಿದ 19 ಪ್ರಶ್ನೆಗಳ ‘ಅಕ್ಯೂಟ್ ಸ್ಟ್ರೆಸ್ ಡಿಸಾರ್ಡರ್ ಸ್ಕೇಲ್’ ಕೂಡ ಇದೆ. ಘಟನೆ ನಡೆಯುತ್ತಿದ್ದಾಗಿನ ಭಯ, ಅಸಹಾಯಕತೆಗಳನ್ನು ಕೇಳುವ 13 ಪ್ರಶ್ನೆಗಳ ಇನ್ನೊಂದು ಮಾಪಕವನ್ನು 2011ರ ಮಾರ್ಚ್ 11ರ ಭೂಕಂಪದ ನಂತರ ಜಪಾನಿನ ವಿಪತ್ತು ವೈದ್ಯಕೀಯ ತಂಡಗಳ ಸದಸ್ಯರ ಮೇಲೆ ಬಳಸಿದರು. ಆ ಸಂಕಟದ ಅಂಕ ಹೆಚ್ಚಿದ್ದವರಲ್ಲಿ ತಿಂಗಳುಗಳ ನಂತರದ ಲಕ್ಷಣಗಳೂ ಹೆಚ್ಚಿದ್ದವು. ಬಹು ಹೊತ್ತು ಟಿವಿಯಲ್ಲಿ ಭೂಕಂಪದ ದೃಶ್ಯಗಳನ್ನು ನೋಡಿದ್ದಕ್ಕೂ ಲಕ್ಷಣಗಳಿಗೂ ನಂಟು ಕಂಡಿತು. ಶಿಬಿರಕ್ಕೆ ಮರಳಿದ ಮೇಲೂ ಅದೇ ಸುದ್ದಿಯನ್ನು ಮೊಬೈಲಿನಲ್ಲಿ ನೋಡುತ್ತ ಕೂರುವ ನಮ್ಮ ಹುಡುಗರಿಗೆ ಇದನ್ನು ಹೇಳಲೇಬೇಕು.

ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದಿಸಿಕೊಂಡರೆ ಆಯಿತಲ್ಲ?

ಆಗುವುದಿಲ್ಲ, ಮತ್ತು ಹೆಚ್ಚಿನ ಪ್ರಬಂಧಗಳು ದಾರಿ ತಪ್ಪುವುದು ಇಲ್ಲಿಯೇ. ಭಾವನೆಗಳು ಬತ್ತಿಹೋದಂತಾಗುವ ಲಕ್ಷಣವನ್ನು ‘ಮರಗಟ್ಟುವಿಕೆ’ ಎಂದು ಬರೆದರೆ ಓದುವವನು ಕೈಕಾಲು ಜೋಮು ಹಿಡಿದದ್ದನ್ನು ನೆನೆಯುತ್ತಾನೆ. ‘ಮನಸ್ಸು ಕಲ್ಲಾಗಿದೆಯೇ’ ಎಂದು ಕೇಳಿದರೆ ಇಪ್ಪತ್ತು ವರ್ಷ ಸೇವೆ ಮಾಡಿದ ಅಗ್ನಿಶಾಮಕರು ಅದನ್ನು ತಮ್ಮ ವೃತ್ತಿಯ ಗುಣವೆಂದು ಭಾವಿಸಿ ಹೆಮ್ಮೆಯಿಂದ 4 ಎಂದು ಗುರುತು ಹಾಕಬಹುದು. ಒಂದೇ ಉತ್ತರ ಒಬ್ಬರಲ್ಲಿ ಸಂಕಟವನ್ನೂ ಇನ್ನೊಬ್ಬರಲ್ಲಿ ಸ್ಥೈರ್ಯವನ್ನೂ ಸೂಚಿಸುವಾಗ ಅವನ್ನು ಕೂಡಿಸಿ ಸರಾಸರಿ ತೆಗೆಯುವುದಕ್ಕೆ ಅರ್ಥವಿಲ್ಲ.

ಅನುವಾದವನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿ ಮಾಡಿಸಿ ಹೋಲಿಸುವುದು ಮೊದಲ ಹೆಜ್ಜೆ. ಅದಕ್ಕಿಂತ ಮುಖ್ಯವಾದದ್ದು, ಹತ್ತು ಹದಿನೈದು ಸಿಬ್ಬಂದಿಯನ್ನು ಕೂರಿಸಿಕೊಂಡು ಒಂದೊಂದು ಪ್ರಶ್ನೆಯನ್ನೂ ಓದಿ ‘ಇದರಲ್ಲಿ ನಿಮಗೆ ಏನು ಕೇಳಿದ ಹಾಗೆ ಅನಿಸಿತು’ ಎಂದು ವಿಚಾರಿಸುವುದು. ಕರಾವಳಿಯವರು, ಕಲಬುರಗಿಯವರು, ಮೈಸೂರಿನವರು ಎದೆಯ ತಳಮಳವನ್ನು ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ದತ್ತಾಂಶ ಬಂದ ಮೇಲೆ, ಒಟ್ಟಾರೆ ಸಂಕಟದ ಮಟ್ಟ ಸಮನಾಗಿರುವ ಎರಡು ಗುಂಪುಗಳು ಒಂದು ನಿರ್ದಿಷ್ಟ ಪ್ರಶ್ನೆಗೆ ಬೇರೆ ರೀತಿಯಲ್ಲಿ ಉತ್ತರಿಸುತ್ತಿವೆಯೇ ಎಂದು ಪರೀಕ್ಷಿಸಬೇಕು. ಅಳತೆಯ ಸಮಾನತೆಯ ಪರೀಕ್ಷೆ ಎಂದರೆ ಇದೇ. ಇದನ್ನು ಮಾಡದೆ, ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಆಲ್ಫಾ ಗುಣಾಂಕ 0.9 ಬಂದಿದೆ ಎಂದು ಸಮಾಧಾನಪಡುವಂತಿಲ್ಲ. ಎಲ್ಲರೂ ಒಂದೇ ಬಗೆಯಲ್ಲಿ ತಪ್ಪಾಗಿ ಅರ್ಥಮಾಡಿಕೊಂಡರೂ ಆ ಗುಣಾಂಕ ಚೆನ್ನಾಗಿಯೇ ಬರುತ್ತದೆ.

ಅರ್ಧಕ್ಕರ್ಧ ಜನ ಎಲ್ಲಕ್ಕೂ ಸೊನ್ನೆ ಹಾಕಿದ್ದಾರೆ. ಈ ದತ್ತಾಂಶವನ್ನು ಏನು ಮಾಡಲಿ?

ಸೊನ್ನೆಗಳಲ್ಲಿ ಎರಡು ಬಗೆ. ನಿಜವಾಗಿ ಆರಾಮಾಗಿರುವವರದ್ದು ಒಂದು; ‘ಬರೆದರೆ ಡ್ಯೂಟಿಯಿಂದ ತೆಗೆಯುತ್ತಾರೆ’ ಎಂದು ಅಂಜಿದವರದ್ದು ಇನ್ನೊಂದು. ಸೊನ್ನೆಗಳು ಗುಡ್ಡೆಬಿದ್ದು, ಉಳಿದ ಅಂಕಗಳು ಬಲಕ್ಕೆ ಉದ್ದವಾಗಿ ಚಾಚಿಕೊಂಡಿರುವಾಗ ಸಾಧಾರಣ ರೇಖೀಯ ಹಿಂಚಲನೆ ಹೊಂದುವುದಿಲ್ಲ. ಲಕ್ಷಣ ಇದೆಯೇ ಎಂಬುದನ್ನು ಒಂದು ಸಮೀಕರಣದಲ್ಲಿಯೂ, ಇದ್ದರೆ ಎಷ್ಟು ಎಂಬುದನ್ನು ಇನ್ನೊಂದರಲ್ಲಿಯೂ ಹಿಡಿಯುವ ಹರ್ಡಲ್ ಮಾದರಿಯನ್ನಾಗಲಿ, ಸೊನ್ನೆಗಳು ಹೆಚ್ಚಿರುವ ಎಣಿಕೆಗೆಂದೇ ಇರುವ ಝೀರೋ ಇನ್‌ಫ್ಲೇಟೆಡ್ ನೆಗೆಟಿವ್ ಬೈನಾಮಿಯಲ್ ಮಾದರಿಯನ್ನಾಗಲಿ ಬಳಸಬಹುದು. ಆದರೆ ಮುಚ್ಚಿಟ್ಟ ಸೊನ್ನೆಯನ್ನೂ ನಿಜವಾದ ಸೊನ್ನೆಯನ್ನೂ ಮಾದರಿ ತಾನಾಗಿ ಬೇರ್ಪಡಿಸಿತು ಎಂದು ನಂಬಬೇಡಿ. ಅದು ವಿತರಣೆಯ ಆಕಾರದ ಬಗ್ಗೆ ನಾವು ಮಾಡಿಕೊಂಡ ಊಹೆಯ ಫಲ. ಅಂಜಿಕೆಯನ್ನು ಅಳೆಯಬೇಕಾದರೆ ಸಮೀಕ್ಷೆಯ ಹಂತದಲ್ಲಿಯೇ ಚೀಟಿ ಎತ್ತಿ ಕೆಲವರಿಗೆ ಹೆಸರಿಲ್ಲದ ನಮೂನೆ, ಕೆಲವರಿಗೆ ಹೆಸರಿರುವ ನಮೂನೆ ಕೊಟ್ಟು ಎರಡರ ವ್ಯತ್ಯಾಸ ನೋಡಬೇಕು.

ಕೈಗೆ ವಾಚು ಕಟ್ಟಿ ಹೃದಯ ಬಡಿತ ಅಳೆದರೆ ಸುಳ್ಳು ಹೇಳಲು ಆಗುವುದಿಲ್ಲ, ಅಲ್ಲವೇ?

ಹೃದಯ ಬಡಿತ ಸುಳ್ಳು ಹೇಳುವುದಿಲ್ಲ, ಆದರೆ ಅದು ಯಾವುದರ ಬಗ್ಗೆ ಮಾತನಾಡುತ್ತಿದೆ ಎಂಬುದು ತಿಳಿಯುವುದಿಲ್ಲ. ಉಸಿರಾಟದ ಸಾಧನ ಹೊತ್ತು ಹೊಗೆಯೊಳಗೆ ಮೆಟ್ಟಿಲು ಹತ್ತುವವರ ಬಡಿತ ಶ್ರಮದಿಂದ, ಬಿಸಿಯಿಂದ, ನೀರಿನ ಕೊರತೆಯಿಂದಲೂ ಏರುತ್ತದೆ. ಚಲನೆ ಮತ್ತು ತಾಪಮಾನವನ್ನು ಜೊತೆಯಲ್ಲಿ ದಾಖಲಿಸದಿದ್ದರೆ ಆ ಅಂಕಿಯನ್ನು ಒತ್ತಡ ಎಂದು ಕರೆಯುವಂತಿಲ್ಲ. ರಾತ್ರಿಯ ನಿದ್ದೆಯ ದಾಖಲೆಯಾಗಿ ವಾಚು ಹೆಚ್ಚು ಉಪಯುಕ್ತ.

## ಮಾದರಿ ಕಟ್ಟುವ ಪ್ರಶ್ನೆಗಳು

33 ಅಂಕ ದಾಟಿದವರು, ದಾಟದವರು ಎಂದು ಎರಡು ಗುಂಪು ಮಾಡಿ ಲಾಜಿಸ್ಟಿಕ್ ಹಿಂಚಲನೆ ಮಾಡಲು ಗೈಡ್ ಹೇಳಿದ್ದಾರೆ. ಸರಿಯೇ?

ಲಾಜಿಸ್ಟಿಕ್ ಹಿಂಚಲನೆ ಎಂದರೆ ‘ಹೌದು’, ‘ಇಲ್ಲ’ ಎಂಬ ಎರಡೇ ಉತ್ತರಗಳಿರುವ ದತ್ತಾಂಶಕ್ಕೆ ಬಳಸುವ ವಿಧಾನ. ಹಲವು ಅಧ್ಯಯನಗಳು 22 ಪ್ರಶ್ನೆಗಳ ಮಾಪಕಕ್ಕೆ 33 ಅನ್ನು ಗಡಿಯಾಗಿ ಬಳಸಿವೆ, ಹಾಗಾಗಿ ನಿಮ್ಮ ಮಾರ್ಗದರ್ಶಕರ ಸಲಹೆಗೆ ರೂಢಿಯ ಬೆಂಬಲವಿದೆ. ಆದರೆ ಹಾಗೆ ಒಡೆದಾಗ 32 ಮತ್ತು 34 ಬೇರೆ ಬೇರೆ ಜಾತಿಯಾಗುತ್ತವೆ, 34 ಮತ್ತು 75 ಒಂದೇ ಆಗುತ್ತವೆ. ಕಷ್ಟಪಟ್ಟು ತಂದ ಮಾಹಿತಿಯಲ್ಲಿ ಬಹುಪಾಲನ್ನು ನಾವೇ ಎಸೆದಂತೆ. ಪೂರ್ಣ ಅಂಕವನ್ನೇ ಇಟ್ಟುಕೊಂಡು ಮಾದರಿ ಕಟ್ಟಿ. ಯಾರನ್ನು ಮನೋವೈದ್ಯರ ಬಳಿಗೆ ಕಳುಹಿಸಬೇಕು ಎಂಬ ನಿರ್ಧಾರ ಮಾಡುವಾಗ ಮಾತ್ರ ಗಡಿ ಹಾಕಿ.

ಹತ್ತು ತಂಡಗಳಿಂದ 450 ಮಂದಿಯ ಉತ್ತರ ಸಿಕ್ಕಿದೆ. ಇಷ್ಟು ದೊಡ್ಡ ಸಂಖ್ಯೆ ಸಾಕಲ್ಲವೇ?

ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಒಂದು ಶೋಧ ಮತ್ತು ರಕ್ಷಣಾ ತಂಡದಲ್ಲಿ 45 ಮಂದಿ ಇರುತ್ತಾರೆ. ಅವರು ಒಂದೇ ದೃಶ್ಯ ಕಂಡವರು, ಒಂದೇ ನಾಯಕನ ಕೈಕೆಳಗೆ ದುಡಿದವರು, ಒಂದೇ ಅಡುಗೆ ಉಂಡವರು. ಆದ್ದರಿಂದ ಅವರ ಅಂಕಗಳು ಒಂದನ್ನೊಂದು ಹೋಲುತ್ತವೆ, ಮತ್ತು 45 ಉತ್ತರಗಳಲ್ಲಿ 45 ಸ್ವತಂತ್ರ ಸಂಗತಿಗಳು ಇರುವುದಿಲ್ಲ. ಈ ಹೋಲಿಕೆಯನ್ನು ತಂಡದೊಳಗಿನ ಸಹಸಂಬಂಧ ಗುಣಾಂಕ ಅಳೆಯುತ್ತದೆ. ಲೆಕ್ಕಕ್ಕಾಗಿ ಅದು 0.1 ಎಂದಿಟ್ಟುಕೊಳ್ಳಿ. ಆಗ ವಿಚಲನೆ ಹಿಗ್ಗುವ ಪ್ರಮಾಣ 1 + (45 − 1) × 0.1 = 5.4. ತಂಡದ ಮಟ್ಟದ ಅಂಶಗಳನ್ನು ಅಂದಾಜಿಸುವಾಗ ನಿಮ್ಮ 450 ಮಂದಿ ಸುಮಾರು 83 ಸ್ವತಂತ್ರ ವ್ಯಕ್ತಿಗಳಿಗೆ ಸಮ.

ಇದನ್ನು ಮರೆತು ಸಾಧಾರಣ ಹಿಂಚಲನೆ ಮಾಡಿದರೆ ನಾಯಕತ್ವ, ಪಾಳಿ ಪದ್ಧತಿಯಂಥ ತಂಡದ ಮಟ್ಟದ ಅಂಶಗಳಿಗೆ ಇಲ್ಲದ ಖಚಿತತೆ ಬಂದುಬಿಡುತ್ತದೆ. ವ್ಯಕ್ತಿ ಒಂದು ಹಂತ, ತಂಡ ಇನ್ನೊಂದು ಹಂತ ಎಂದು ಪರಿಗಣಿಸುವ ಬಹುಹಂತದ ಮಾದರಿ ಇಲ್ಲಿ ಅನಿವಾರ್ಯ. ಮುಂದಿನ ಬಾರಿ ಸಮೀಕ್ಷೆ ಮಾಡುವಾಗ ಒಂದೇ ತಂಡದ ಎಲ್ಲರನ್ನೂ ಕೇಳುವುದಕ್ಕಿಂತ ಹೆಚ್ಚು ತಂಡಗಳಿಂದ ಕೆಲವರನ್ನು ಕೇಳುವುದು ಮೇಲು.

ನಮ್ಮ ಠಾಣೆಯಲ್ಲಿರುವುದೇ 28 ಮಂದಿ. ನಮಗೆ ಮಾದರಿ ಬೇಡವೇ?

ಒಂದು ಠಾಣೆಯ ದತ್ತಾಂಶದಿಂದ ಮಾತ್ರ ಹೆಚ್ಚು ಹೇಳಲು ಬರುವುದಿಲ್ಲ. ಹಲವು ಠಾಣೆಗಳನ್ನು ಸೇರಿಸಿದ ಬೇಸಿಯನ್ (ಮೊದಲೇ ತಿಳಿದದ್ದನ್ನೂ ಹೊಸ ದತ್ತಾಂಶವನ್ನೂ ಕೂಡಿಸಿ ಅಂದಾಜಿಸುವ) ಬಹುಹಂತದ ಮಾದರಿಯಲ್ಲಿ ಸಣ್ಣ ಠಾಣೆಯ ಅಂದಾಜು ಒಟ್ಟು ಸರಾಸರಿಯ ಕಡೆಗೆ ಸ್ವಲ್ಪ ವಾಲುತ್ತದೆ, ದೊಡ್ಡ ಠಾಣೆಯದು ತನ್ನ ಜಾಗದಲ್ಲಿಯೇ ನಿಲ್ಲುತ್ತದೆ. ಇಬ್ಬರು ಮೂವರ ಅಂಕ ಏರಿದ ಮಾತ್ರಕ್ಕೆ ಆ ಠಾಣೆಗೆ ಕೆಟ್ಟ ಹೆಸರು ಬರುವುದು ಇದರಿಂದ ತಪ್ಪುತ್ತದೆ.

ಮೃತದೇಹ ಎತ್ತಿದವರ ಅಂಕವೇ ಕಡಿಮೆ ಬಂದಿದೆ. ಹಾಗಾದರೆ ಆ ಕೆಲಸದಿಂದ ಹಾನಿಯಿಲ್ಲ ಎಂದಾಯಿತೇ?

ಹಾಗೆ ಹೇಳುವ ಮೊದಲು ಆ ಕೆಲಸವನ್ನು ಯಾರಿಗೆ ಕೊಟ್ಟರು ಎಂದು ಕೇಳಿ. ಅನುಭವಿ ನಾಯಕರು ಸಾಮಾನ್ಯವಾಗಿ ಹಳಬರನ್ನೇ ಮುಂದೆ ಕಳುಹಿಸುತ್ತಾರೆ, ಹೊಸಬರನ್ನು ಹಿಂದೆ ಉಳಿಸಿಕೊಳ್ಳುತ್ತಾರೆ. ಹಾಗಾಗಿ ಕೆಲಸದ ಪರಿಣಾಮವೂ ಅನುಭವದ ಪರಿಣಾಮವೂ ಕಲಸಿಹೋಗಿರುತ್ತವೆ. ಜೊತೆಗೆ, ಹಿಂದಿನ ದುರಂತಗಳಲ್ಲಿ ನೊಂದವರು ಕೆಲಸ ಬಿಟ್ಟಿರುತ್ತಾರೆ. ಉಳಿದವರು ಮೊದಲೇ ಸೋಸಿ ಬಂದವರು. ಮಾದರಿ ಬರೆಯುವ ಮುನ್ನ ಯಾವುದು ಯಾವುದಕ್ಕೆ ಕಾರಣ ಎಂದು ಬಾಣ ಹಾಕಿ ಒಂದು ಚಿತ್ರ ಬರೆದುಕೊಳ್ಳಿ, ಅನುಭವ ಮತ್ತು ಹಿಂದಿನ ಮಾನಸಿಕ ತೊಂದರೆಯನ್ನು ಮಾದರಿಗೆ ಸೇರಿಸಿ.

ಎದುರು ಬಗೆಯ ತಪ್ಪೂ ಇದೆ. ದೀರ್ಘ ಪಾಳಿ ನಿದ್ದೆಗೆಡಿಸುತ್ತದೆ, ನಿದ್ದೆಗೇಡು ಒತ್ತಡ ಹೆಚ್ಚಿಸುತ್ತದೆ. ಪಾಳಿಯ ಒಟ್ಟು ಪರಿಣಾಮ ತಿಳಿಯಬೇಕಾದಾಗ ನಿದ್ದೆಯನ್ನೂ ಮಾದರಿಯಲ್ಲಿ ಹಾಕಿದರೆ ಪಾಳಿಯ ದಾರಿಯನ್ನೇ ಮುಚ್ಚಿದಂತಾಗಿ ‘ಪಾಳಿಯಿಂದ ತೊಂದರೆಯಿಲ್ಲ’ ಎಂಬ ಸುಳ್ಳು ಉತ್ತರ ಬರುತ್ತದೆ.

## ಕಾಲ, ಮುನ್ನೋಟ ಮತ್ತು ಹೊಣೆ

ಘಟನೆಯಾದ ವಾರದಲ್ಲಿ ಒಂದು ಸಲ ಅಳೆದರೆ ಸಾಲದೇ?

ಸಾಲದು. ಆಸ್ಟ್ರೇಲಿಯಾದಲ್ಲಿ 1983ರ ಫೆಬ್ರವರಿ 16ರ ಕಾಳ್ಗಿಚ್ಚನ್ನು ಎದುರಿಸಿದ 469 ಅಗ್ನಿಶಾಮಕರನ್ನು 4, 11 ಮತ್ತು 29 ತಿಂಗಳುಗಳಲ್ಲಿ ಹಿಂಬಾಲಿಸಿದಾಗ, ಮೊದಲು ಸರಿಯಿದ್ದು ತಡವಾಗಿ ಬಳಲಿದವರೂ ಇದ್ದರು, ಮೊದಲಿನಿಂದ ಕೊನೆಯವರೆಗೆ ಬಳಲಿದವರೂ ಇದ್ದರು. ಸರಾಸರಿ ರೇಖೆ ಇವರಿಬ್ಬರನ್ನೂ ಮರೆಮಾಡುತ್ತದೆ. ಆದ್ದರಿಂದ ಬೇರೆ ಬೇರೆ ಪಥಗಳಲ್ಲಿ ಸಾಗುವ ಗುಂಪುಗಳನ್ನು ಹುಡುಕುವ ಗ್ರೋತ್ ಮಿಕ್ಸ್‌ಚರ್ ಮಾದರಿಗಳು ಈ ಕ್ಷೇತ್ರದಲ್ಲಿ ಜನಪ್ರಿಯವಾಗಿವೆ. ವಿಶ್ವ ವಾಣಿಜ್ಯ ಕೇಂದ್ರದಲ್ಲಿ ದುಡಿದವರ ಬಗ್ಗೆ 2014ರಲ್ಲಿ ಪ್ರಕಟವಾದ ಇಂಥ ವಿಶ್ಲೇಷಣೆಯಲ್ಲಿ ಪೊಲೀಸರ ಶೇ 77.8 ಮತ್ತು ಇತರ ಕಾರ್ಮಿಕರ, ಸ್ವಯಂಸೇವಕರ ಶೇ 58 ಮಂದಿ ವರ್ಷಗಳುದ್ದಕ್ಕೂ ಕಡಿಮೆ ಲಕ್ಷಣಗಳ ಪಥದಲ್ಲಿಯೇ ಇದ್ದರು.

ಈ ಮಾದರಿಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅಂಕಗಳು ಒಂದು ಕಡೆಗೆ ವಾಲಿದ್ದರೆ ನಿಜದಲ್ಲಿ ಒಂದೇ ಗುಂಪಿದ್ದರೂ ಮಾದರಿ ಎರಡು ಮೂರು ಗುಂಪುಗಳನ್ನು ‘ಕಂಡುಹಿಡಿಯುತ್ತದೆ’ ಎಂದು ಸಂಶೋಧಕರಾದ ಬೌವರ್ ಮತ್ತು ಕರನ್ 2003ರಲ್ಲಿಯೇ ತೋರಿಸಿಕೊಟ್ಟರು. ಒತ್ತಡದ ಅಂಕಗಳು ಸದಾ ವಾಲಿಯೇ ಇರುತ್ತವೆ. ಗುಂಪುಗಳಿಗೆ ಹೆಸರಿಡುವ ಮುನ್ನ, ಗುಂಪಿಲ್ಲದ ಸರಳ ಬೆಳವಣಿಗೆ ಮಾದರಿಯು ಅದೇ ದತ್ತಾಂಶವನ್ನು ಇಷ್ಟೇ ಚೆನ್ನಾಗಿ ವಿವರಿಸುತ್ತದೆಯೇ ಎಂದು ನೋಡಿ.

ಎರಡನೆಯ ಸುತ್ತಿನಲ್ಲಿ ಉತ್ತರ ಕೊಡದವರನ್ನು ಕೈಬಿಡಬಹುದೇ?

ಬೇಡ. ಹೆಚ್ಚು ನೊಂದವರೇ ಉತ್ತರಿಸದೆ ಉಳಿದಿರುವ ಸಾಧ್ಯತೆಯಿದೆ. ಅವರನ್ನು ಬಿಟ್ಟರೆ ‘ಎಲ್ಲರೂ ಚೇತರಿಸಿಕೊಂಡರು’ ಎಂಬ ಚಿತ್ರ ಬರುತ್ತದೆ. ಮೊದಲ ಸುತ್ತಿನ ಅಂಕ, ತಂಡ, ಹುದ್ದೆ ಇತ್ಯಾದಿಗಳಿಂದ ಕಾಣೆಯಾದ ಅಂಕವನ್ನು ಹಲವು ಬಾರಿ ಅಂದಾಜಿಸಿ ತುಂಬುವ ವಿಧಾನ ಬಳಸಿ. ಅಷ್ಟಕ್ಕೇ ನಿಲ್ಲದೆ, ಬಾರದವರ ನಿಜವಾದ ಅಂಕ ಈ ಅಂದಾಜಿಗಿಂತ 5 ಹೆಚ್ಚಿದ್ದರೆ, 10 ಹೆಚ್ಚಿದ್ದರೆ ತೀರ್ಮಾನ ಬದಲಾಗುತ್ತದೆಯೇ ಎಂದು ಪರೀಕ್ಷಿಸಿ ಆ ಪಟ್ಟಿಯನ್ನೂ ಪ್ರಕಟಿಸಿ.

ಮೊದಲ ವಾರದ ಅಂಕ ನೋಡಿ ಮುಂದೆ ಯಾರಿಗೆ ಪಿಟಿಎಸ್‌ಡಿ ಬರುತ್ತದೆ ಎಂದು ಹೇಳಬಹುದೇ?

ಗುಂಪಿನ ಮಟ್ಟದಲ್ಲಿ ಸ್ವಲ್ಪ ಹೇಳಬಹುದು, ವ್ಯಕ್ತಿಯ ಮಟ್ಟದಲ್ಲಿ ಭರವಸೆಯಿಂದ ಹೇಳಲಾಗದು. ತೀವ್ರ ಒತ್ತಡದ ಕಾಯಿಲೆಯ ಮಾನದಂಡ ಮುಟ್ಟಿದವರಲ್ಲಿ ಅನೇಕರಿಗೆ ಮುಂದೆ ಪಿಟಿಎಸ್‌ಡಿ ಬರುತ್ತದೆ. ಆದರೆ ಪಿಟಿಎಸ್‌ಡಿ ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮೊದಲ ತಿಂಗಳಲ್ಲಿ ಆ ಮಾನದಂಡ ಮುಟ್ಟಿರಲಿಲ್ಲ ಎಂಬುದು ಹಲವು ಅಧ್ಯಯನಗಳ ಒಟ್ಟು ಪರಿಶೀಲನೆಯಿಂದ ತಿಳಿದಿದೆ.

ಒಂದು ಕಲ್ಪಿತ ಲೆಕ್ಕ ನೋಡಿ. 1,000 ಸಿಬ್ಬಂದಿಯಲ್ಲಿ 100 ಮಂದಿಗೆ ಮುಂದೆ ಕಾಯಿಲೆ ಬರಲಿದೆ. ನಮ್ಮ ಪರೀಕ್ಷೆ ಬರುವವರಲ್ಲಿ ಶೇ 50 ಮಂದಿಯನ್ನು ಹಿಡಿಯುತ್ತದೆ, ಬಾರದವರಲ್ಲಿ ಶೇ 90 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಆಗ ಪರೀಕ್ಷೆ ಬೆರಳು ತೋರುವ 140 ಮಂದಿಯಲ್ಲಿ ನಿಜವಾಗಿ ಕಾಯಿಲೆ ಬರುವವರು 50, ಅಂದರೆ ಶೇ 36 ಮಾತ್ರ. ಇನ್ನು 50 ಮಂದಿ ಪರೀಕ್ಷೆಯ ಕಣ್ಣಿಗೆ ಬೀಳದೆ ಜಾರಿಹೋಗುತ್ತಾರೆ. ಈ ಕಾರಣಕ್ಕಾಗಿಯೇ, ಅಂಕ ಹೆಚ್ಚಿದವರಿಗೆ ಮಾತ್ರ ನೆರವು ಎಂಬ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ನೆರವಿನ ಬಾಗಿಲು ಎಲ್ಲರಿಗೂ ತೆರೆದಿರಬೇಕು, ತಿಂಗಳುಗಳ ನಂತರವೂ ತೆರೆದಿರಬೇಕು. ಯಾರನ್ನು ಮೊದಲು ಭೇಟಿಯಾಗಬೇಕು ಎಂಬ ಸರದಿಗೆ ಮಾತ್ರ ಮಾದರಿಯನ್ನು ಬಳಸಬಹುದು. ಮಷೀನ್ ಲರ್ನಿಂಗ್ ತಂದರೆ ಈ ಮಿತಿ ನೀಗುತ್ತದೆಯೇ ಎಂದು ಕೇಳುವವರಿಗೂ ಇದೇ ಉತ್ತರ: ಕೆಲವೇ ನೂರು ಮಂದಿಯ, ಒಂದೇ ದುರಂತದ ದತ್ತಾಂಶದಲ್ಲಿ ಕಲಿತ ಯಂತ್ರ ಮುಂದಿನ ದುರಂತದಲ್ಲಿ ಎಡವುತ್ತದೆ.

ಕಾರ್ಯಾಚರಣೆ ಮುಗಿದ ದಿನವೇ ಎಲ್ಲರನ್ನೂ ಕೂರಿಸಿ ಮಾತನಾಡಿಸಿದೆವು, ತಿಂಗಳಲ್ಲಿ ಅಂಕಗಳು ಇಳಿದವು. ಅದು ಫಲಿಸಿದ ಹಾಗಲ್ಲವೇ?

ಮಾತನಾಡಿಸದಿದ್ದರೂ ಬಹುಪಾಲು ಮಂದಿಯ ಅಂಕ ತಿಂಗಳಲ್ಲಿ ಇಳಿಯುತ್ತದೆ. ಮೊದಲು ಮತ್ತು ನಂತರದ ಹೋಲಿಕೆ ಮಾತ್ರ ಇದ್ದಾಗ ಈ ಸಹಜ ಚೇತರಿಕೆಯೆಲ್ಲ ಸಭೆಯ ಖಾತೆಗೆ ಜಮೆಯಾಗುತ್ತದೆ. ಹೋಲಿಕೆಯ ಗುಂಪಿರುವ ಪ್ರಯೋಗಗಳನ್ನು ಪರಿಶೀಲಿಸಿದ 2002ರ ಕೊಕ್ರೇನ್ (ವೈದ್ಯಕೀಯ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ತೂಗುವ ಸಂಸ್ಥೆ) ವಿಮರ್ಶೆಯು, ನಡೆದದ್ದನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ಹೇಳಿಸುವ ಡೀಬ್ರೀಫಿಂಗ್‌ನಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ ಎಂದು ಕಂಡು, ಕಡ್ಡಾಯ ಡೀಬ್ರೀಫಿಂಗ್ ನಿಲ್ಲಬೇಕು ಎಂದಿತು. ಒಂದು ಪ್ರಯೋಗದಲ್ಲಿ ಅದರಿಂದ ಹಾನಿಯೇ ಕಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಬೇರೆ ದಾರಿ ಹಿಡಿಯುತ್ತದೆ: ಬಲವಂತವಾಗಿ ಮಾತನಾಡಿಸದಿರುವುದು, ಕೇಳಿಸಿಕೊಳ್ಳುವುದು, ಊಟ, ನಿದ್ದೆ, ಮನೆಯವರ ಸಂಪರ್ಕದಂಥ ಅಗತ್ಯಗಳನ್ನು ಮೊದಲು ನೋಡುವುದು.

ಯಾರ ಅಂಕ ಎಷ್ಟು ಎಂಬ ಪಟ್ಟಿಯನ್ನು ಮೇಲಧಿಕಾರಿಗಳು ಕೇಳುತ್ತಿದ್ದಾರೆ. ಕೊಡಬಹುದೇ?

ಕೊಡಬೇಡಿ. ಉತ್ತರಿಸಿದವರು ಸಂಶೋಧನೆಗೆಂದು ಒಪ್ಪಿಗೆ ಕೊಟ್ಟವರು, ಬಡ್ತಿಯ ಕಡತಕ್ಕೆಂದಲ್ಲ. ಒಮ್ಮೆ ಒಂದು ಹೆಸರು ಹೊರಬಿದ್ದರೆ ಮುಂದಿನ ಸಮೀಕ್ಷೆಯಲ್ಲಿ ಎಲ್ಲರೂ ಸೊನ್ನೆ ಹಾಕುತ್ತಾರೆ, ಮತ್ತು ಹಾಗೆ ಹಾಕಿದ್ದಕ್ಕೆ ಅವರನ್ನು ದೂರುವಂತಿಲ್ಲ. ಹೆಸರು ತೆಗೆದರೂ ಸಾಲದು: ‘ಇಂಥ ಠಾಣೆಯ ಮಹಿಳಾ ಸಿಬ್ಬಂದಿ’ ಎಂದು ಬರೆದಾಗ ಅಲ್ಲಿ ಇರುವವರು ಒಬ್ಬರೇ ಆಗಿದ್ದರೆ ಅದು ಹೆಸರು ಬರೆದಂತೆಯೇ. ತೀರಾ ಸಣ್ಣ ಗುಂಪುಗಳ ಅಂಕಿಯನ್ನು ವರದಿಯಲ್ಲಿ ಸೇರಿಸಬೇಡಿ. ಅಧಿಕಾರಿಗಳಿಗೆ ಕೊಡಬೇಕಾದದ್ದು ಪಾಳಿ, ವಿಶ್ರಾಂತಿ, ಕೆಲಸ ಹಂಚಿಕೆಗಳ ಬಗ್ಗೆ ಮಾದರಿ ಹೇಳಿದ್ದು. ಅಂಕ ಆತಂಕಕಾರಿಯಾಗಿ ಏರಿದವರನ್ನು ಯಾರು, ಹೇಗೆ, ಎಷ್ಟು ದಿನದೊಳಗೆ ಸಂಪರ್ಕಿಸುತ್ತಾರೆ ಎಂಬುದನ್ನು ಮೊದಲ ಪ್ರಶ್ನಾವಳಿ ಹಂಚುವ ಮುನ್ನವೇ ಬರೆದು, ಒಪ್ಪಿಗೆ ಪತ್ರದಲ್ಲಿ ತಿಳಿಸಿರಬೇಕು. ಆ ವ್ಯವಸ್ಥೆ ಕೈಯಲ್ಲಿಲ್ಲದಿದ್ದರೆ ಸಮೀಕ್ಷೆಯನ್ನು ಮುಂದೂಡಿ.